ನಿಲ್ಲದ ರಕ್ತಕ್ಕೆ ಹೊಸ ಚಿಕಿತ್ಸೆ

ಸಡಾದ ಗುಡ್ಡದ ಮೇಲಿರಲಿ, ಗಡಿಯ ಹಳ್ಳಿಯಲ್ಲಿರಲಿ, ಸಣ್ಣ ಗಾಯಕ್ಕೂ ಮಗನ ರಕ್ತ ನಿಲ್ಲದಿದ್ದರೆ, ಮೊಣಕಾಲು ಪದೇ ಪದೇ ಬಾತುಕೊಂಡರೆ ತಾಯಿಯ ಪಾಪವೆಂದು ದೂರಬೇಡಿ. ಅದು ಹಿಮೋಫಿಲಿಯಾ ಇರಬಹುದು.

ರಕ್ತ ಹೆಪ್ಪುಗಟ್ಟಲು ‘ಫ್ಯಾಕ್ಟರ್ 8’ ಎಂಬ ಅಂಶ ಬೇಕು. ಅದನ್ನು ತಯಾರಿಸುವ ಜೀನು ಕೆಟ್ಟಿದ್ದರೆ, ಹಳೆಯ ಲೆಡ್ಜರಿನ ತಪ್ಪು ಅಂಕಿ ಹೊಸ ಲೆಡ್ಜರಿಗೂ ಇಳಿಯುವಂತೆ, ದೋಷವು ಹೆಚ್ಚಾಗಿ ತಾಯಿಯ ಮೂಲಕ ಗಂಡುಮಕ್ಕಳಿಗೆ ಬರುತ್ತದೆ. ಎಷ್ಟೋ ತಾಯಂದಿರಿಗೆ ಅದು ತಿಳಿದೇ ಇರುವುದಿಲ್ಲ.

ಫ್ಯಾಕ್ಟರ್ ಇಂಜೆಕ್ಷನ್ ಕೊಟ್ಟರೆ ಕೊರತೆ ಕೆಲಕಾಲ ಮಾತ್ರ ತುಂಬುತ್ತದೆ. ಜೀನ್ ಚಿಕಿತ್ಸೆ ಮೂಲದ ಅಂಕಿಯನ್ನೇ ಸರಿದೂಗಿಸಲು ನೋಡುತ್ತದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಐವರು ರೋಗಿಗಳ ರಕ್ತದ ಮೂಲಕೋಶಗಳನ್ನು ತೆಗೆದು, ರೋಗ ತರದಂತೆ ಪಳಗಿಸಿದ ವೈರಸ್ಸಿನ ಮೂಲಕ ಸರಿಯಾದ ಜೀನನ್ನು ಸೇರಿಸಿ, ಮರಳಿ ಅವರಿಗೇ ಕೊಟ್ಟರು. 2024ರ ಡಿಸೆಂಬರಿನ ವರದಿಯಂತೆ, ಆಮೇಲೆ ಗಮನಿಸಿದ ಅವಧಿಯಲ್ಲಿ ಐವರಿಗೂ ರಕ್ತಸ್ರಾವವಾಗಲಿಲ್ಲ.

ಆದರೆ ಇದು ಐವರ ಮೇಲಿನ ಪ್ರಯೋಗ. ಇದನ್ನೇ ಕಾಯುತ್ತ ಕೂರಬೇಡಿ. ರಕ್ತಪರೀಕ್ಷೆ ಮಾಡಿಸಿ, ಆಸ್ಪಿರಿನ್ ಕೊಡಬೇಡಿ, ಹಲ್ಲು ಕೀಳಿಸುವ ಮೊದಲು ವೈದ್ಯರಿಗೆ ವಿಷಯ ತಿಳಿಸಿ. ದಾವಣಗೆರೆಯಲ್ಲಿ ಇಂಥ ರೋಗಿಗಳಿಗಾಗಿ ದುಡಿದ ಡಾ. ಸುರೇಶ್ ಹನಗವಾಡಿಯವರಿಗೇ ಹಿಮೋಫಿಲಿಯಾ ಇದೆ. ಆರೈಕೆ ಸಿಕ್ಕರೆ ನಿಮ್ಮ ಮಗನೂ ಓದಿ ಮುಂದೆ ಬಂದಾನು.