ಬೀಗ ಬಿದ್ದ ಮೋಡೆಮ್ ಬಿಚ್ಚುವ ಮುನ್ನ

ಹಣ ಕೊಟ್ಟು ಕೊಂಡ ಮೋಡೆಮ್ ಬೇರೆ ಕಂಪನಿಯ ಸೇವೆಗೆ ಒಗ್ಗದೆ ಅಟ್ಟ ಸೇರುವುದು ಅನೇಕ ಸದಸ್ಯರ ಅನುಭವ. ಸಂಘದ ಕಚೇರಿಯಲ್ಲೂ ಅಂತಹವು ಎರಡಿದ್ದವು. ಅವಸರದಲ್ಲಿ 5 ವೋಲ್ಟಿನ ಅಡಾಪ್ಟರ್ ಜೋಡಿಸಿ ಒಂದನ್ನು ನಾವೇ ಕೆಡಿಸಿದೆವು, ಇನ್ನೊಂದು ಬದುಕಿತು.

ಒಳಗಿನ ಸರ್ಕ್ಯೂಟ್ ಬೋರ್ಡಿನಲ್ಲಿ ಸಾಮಾನ್ಯವಾಗಿ ಸಾಲಾಗಿ ನಾಲ್ಕು ಬಿಂದುಗಳಿರುತ್ತವೆ. ಅದೇ ಸೀರಿಯಲ್ ಕನ್ಸೋಲ್. ಹೆಚ್ಚಿನವು 3.3 ವೋಲ್ಟಿನವು. ಯುಎಸ್‌ಬಿ ಸೀರಿಯಲ್ ಅಡಾಪ್ಟರಿನ ಗ್ರೌಂಡು ಗ್ರೌಂಡಿಗೆ, ಟಿಎಕ್ಸ್ ಆರ್‌ಎಕ್ಸ್‌ಗೆ, ಆರ್‌ಎಕ್ಸ್ ಟಿಎಕ್ಸ್‌ಗೆ ಸೇರಬೇಕು. ವಿದ್ಯುತ್ತಿನ ಬಿಂದುವನ್ನು ಮುಟ್ಟಬಾರದು. ವೇಗ ಬಹುಮಟ್ಟಿಗೆ 115200. ಚಾಲೂ ಮಾಡಿದೊಡನೆ ಕೀ ಒತ್ತಿದರೆ ಅನೇಕ ಮೋಡೆಮ್‌ಗಳು ಬೂಟ್‌ಲೋಡರಿನಲ್ಲಿ ನಿಲ್ಲುತ್ತವೆ. ಮೂಲ ಫರ್ಮ್‌ವೇರಿನ ಪ್ರತಿ ತೆಗೆದಿಟ್ಟ ಮೇಲಷ್ಟೇ ಅದೇ ಮಾದರಿಗೆ ಹೊಂದುವ, ಬೀಗವಿಲ್ಲದ ಫರ್ಮ್‌ವೇರ್ ತುಂಬತಕ್ಕದ್ದು.

ಬಾಡಿಗೆಯ ಮೋಡೆಮ್ ಕಂಪನಿಯ ಸೊತ್ತು. ಅದಕ್ಕೆ ಕೈ ಹಾಕುವುದು ಸಲ್ಲದು. ಸ್ವಂತದ್ದಕ್ಕೂ ಆತುರ ಬೇಡ.