ಸಿಡಿಸಿದವರು ಯಾರೋ, ಬಿರುಕು ಯಾರ ಗೋಡೆಗೋ

ಸಿಡಿಸಿದ ಬಂಡೆಯ ಚೂರು ಹಾರಿಬಂದು ಮನೆಯ ಚಿಮಣಿ ಒಡೆದರೆ ಪರಿಹಾರ ಉಂಟು. ಅದೇ ಸಿಡಿತದ ಕಂಪನಕ್ಕೆ ಗೋಡೆ ಸೀಳಿದರೆ, ಸಿಡಿಸಿದವರ ನಿರ್ಲಕ್ಷ್ಯವನ್ನು ಸಾಬೀತುಪಡಿಸದೆ ಬಿಡಿಗಾಸೂ ಇಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 76 ವರ್ಷ ನಡೆದ ಕಾನೂನು ಇದು.

ಮೊದಲ ನಿಯಮ 1849ರದ್ದು. ಕೊಹೋಸ್ ಎಂಬಲ್ಲಿ ಕಂಪನಿಯೊಂದು ಕಾಲುವೆ ತೋಡಲು ಸಿಡಿಸಿದ ಕಲ್ಲುಗಳು ಪಕ್ಕದ ಮನೆಗೆ ಬಡಿದಾಗ, ಎಷ್ಟೇ ಎಚ್ಚರ ವಹಿಸಿದ್ದರೂ ಕಂಪನಿಯೇ ಹೊಣೆ ಎಂದಿತು ನ್ಯಾಯಾಲಯ. ಆದರೆ 1893ರಲ್ಲಿ ರೈಲ್ವೆ ಕಂಪನಿಯೊಂದರ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ಕಂಪನದ ಹಾನಿಯನ್ನು ಬೇರೆಯಾಗಿಯೇ ಕಂಡಿತು. ನಗರಗಳು ಬೆಳೆಯಬೇಕಿದ್ದ ಕಾಲ; ಕಟ್ಟುವವರ ಕೈಕಟ್ಟಬಾರದೆಂಬುದು ಅದರ ವಾದ.

ಈ ವಾದಕ್ಕೆ ಪೆಟ್ಟು ಕೊಟ್ಟದ್ದು ಬ್ರೂಕ್ಲಿನ್‌ನ ಒಂದು ಗ್ಯಾರೇಜ್. 1962ರ ನವೆಂಬರ್ 27ರಂದು ಸುರಂಗ ಕಾಮಗಾರಿಯಲ್ಲಿ 194 ಡೈನಮೈಟ್ ಕಡ್ಡಿಗಳು ಸಿಡಿದವು. 125 ಅಡಿ ದೂರದಲ್ಲಿದ್ದ ಗ್ಯಾರೇಜ್ ಜಖಂಗೊಂಡಿತು, ರಿಪೇರಿಗೆ ಬಂದಿದ್ದ ಕಾರೂ ಹಾಳಾಯಿತು. ಎರಡರ ಮಾಲೀಕರೂ ಕೋರ್ಟಿಗೆ ಹೋದರು. ವಿಚಾರಣೆಯಲ್ಲಿ ಗುತ್ತಿಗೆದಾರರ ನಿರ್ಲಕ್ಷ್ಯವನ್ನು ತೋರಿಸಲು ಅವರು ಪ್ರಯತ್ನಿಸಲೇ ಇಲ್ಲ. 1969ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ 1893ರ ತೀರ್ಪನ್ನು ಬದಿಗೆ ಸರಿಸಿತು. ಕೆಲಸ ನ್ಯಾಯಸಮ್ಮತವೇ ಇರಬಹುದು, ಅದರ ನಷ್ಟವನ್ನು ತಪ್ಪು ಮಾಡದ ನೆರೆಯವನು ಏಕೆ ಹೊರಬೇಕು ಎಂಬುದೇ ತೀರ್ಪಿನ ತಿರುಳು.

ಭಾರತ ಈ ವಿಷಯದಲ್ಲಿ ಇನ್ನೂ ಮುಂದೆ ಹೋಯಿತು. ದೆಹಲಿಯ ಓಲಿಯಂ ಅನಿಲ ಸೋರಿಕೆ ಪ್ರಕರಣದಲ್ಲಿ, 1986ರ ಡಿಸೆಂಬರ್‌ನಲ್ಲಿ, ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ ಅಪಾಯಕಾರಿ ಉದ್ಯಮಕ್ಕೆ ವಿನಾಯಿತಿಯೇ ಇಲ್ಲದ ಸಂಪೂರ್ಣ ಹೊಣೆ ಹೊರಿಸಿತು. ಸಿಡಿಮದ್ದಿನ ಕೆಲಸಕ್ಕೂ ಈ ತತ್ವ ಅನ್ವಯಿಸಬೇಕೆಂದು ವಾದಿಸಲು ಗಟ್ಟಿ ಆಧಾರವಿದೆ.

ಆದರೂ ಕಲ್ಲು ಕ್ವಾರಿಗಳ ಪಕ್ಕದ ಹಳ್ಳಿಯವರಿಗೆ ದಾರಿ ಸುಲಭವಿಲ್ಲ. ಆ ತತ್ವ ಅನ್ವಯಿಸಿದರೆ ನಿರ್ಲಕ್ಷ್ಯ ತೋರಿಸಬೇಕಿಲ್ಲ, ನಿಜ. ಬಿರುಕು ಕ್ವಾರಿಯ ಸಿಡಿತದಿಂದಲೇ ಬಂತೆಂದು ತೋರಿಸಲೇಬೇಕು. ಗೋಡೆ ಹಳೆಯದು, ತಳಪಾಯ ಸರಿಯಿಲ್ಲ ಎಂಬ ಉತ್ತರ ಎದುರಿನವರಲ್ಲಿ ಸಿದ್ಧವಿರುತ್ತದೆ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಕಲ್ಲು ಗಣಿಗಾರಿಕೆಯ ಸ್ಫೋಟಕಗಳು ಸಿಡಿದು ಕಾರ್ಮಿಕರು ಸತ್ತಾಗ, ಭೂಕಂಪವೆಂದು ಜನ ದೂರದೂರದ ಊರುಗಳಲ್ಲೂ ಹೊರಗೋಡಿಬಂದಿದ್ದರು. ಅಂಥ ಸ್ಫೋಟವನ್ನು ಯಾರೂ ಅಲ್ಲಗಳೆಯಲಾಗದು. ದಿನನಿತ್ಯದ ಸಣ್ಣ ಸಿಡಿತಗಳಿಗೆ ಆ ಸಾಕ್ಷಿಬಲವಿಲ್ಲ.

ಅಳತೆಗೋಲು ಮಾತ್ರ ಇದೆ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆಯಂತೆ, ಕಂಪನದ ಆವರ್ತನ 8 ಹರ್ಟ್ಸ್‌ಗಿಂತ ಕಡಿಮೆಯಿದ್ದರೆ ಗಣಿ ಮಾಲೀಕರದ್ದಲ್ಲದ ಮನೆಗಳ ಬಳಿ ನೆಲದ ಕಣಗಳ ಗರಿಷ್ಠ ವೇಗ ಸೆಕೆಂಡಿಗೆ 5 ಮಿಲಿಮೀಟರ್ ಮೀರಬಾರದು. ಈ ಅಂಕಿಯನ್ನು ಅಳೆಯುವ ಯಂತ್ರ ಸಾಮಾನ್ಯವಾಗಿ ಸಿಡಿಸುವವರ ಕೈಯಲ್ಲಿರುತ್ತದೆ, ಮನೆಯವರ ಕೈಯಲ್ಲಲ್ಲ. ಆದ್ದರಿಂದ ಮೊದಲ ಸಿಡಿತಕ್ಕೆ ಮುಂಚೆಯೇ ಸುತ್ತಲಿನ ಮನೆಗಳ ಫೋಟೊ, ಬಿರುಕುಗಳ ಅಳತೆ ದಾಖಲಾಗಬೇಕು. ಪ್ರತಿ ಸಿಡಿತದ ಕಂಪನದ ವರದಿ ಗ್ರಾಮ ಪಂಚಾಯಿತಿಗೆ ತಲುಪಬೇಕು. ಇವೆರಡನ್ನೂ ಪರವಾನಗಿಯ ಷರತ್ತಾಗಿಸಿದರೆ ನಷ್ಟ ಅನುಭವಿಸಿದವರ ಕೈಗೆ ಕೋರ್ಟಿನಲ್ಲಿ ನಿಲ್ಲುವ ಪುರಾವೆ ಸಿಗುತ್ತದೆ.