ಕಪಾಟಿನಲ್ಲಿ ಕಾದಿರುವ ಗೆಳೆಯರು



ಪುಸ್ತಕದ ಹುಚ್ಚು ಹಿಡಿದವರನ್ನು ಗುರುತಿಸುವುದು ಬಹಳ ಸುಲಭ. ಯಾರ ಮನೆಗೆ ಹೋದರೂ ಅವರು ಮೊದಲು ಕತ್ತು ವಾಲಿಸಿ ಕಪಾಟಿನಲ್ಲಿರುವ ಪುಸ್ತಕಗಳ ಹೆಸರು ಓದುತ್ತಾರೆ. ಮನೆಯವರ ಯೋಗಕ್ಷೇಮ ವಿಚಾರಿಸುವುದು ಆಮೇಲೆ. ಹೊಸ ಪುಸ್ತಕ ಕೈಗೆ ಬಂದರೆ ತೆರೆದು ಮೂಸಿ ನೋಡುತ್ತಾರೆ. ಊಟಕ್ಕೆ ಬಾ ಎಂದು ಅಮ್ಮ ಮೂರು ಸಲ ಕೂಗಿದರೂ "ಇನ್ನೊಂದೇ ಪುಟ" ಎನ್ನುತ್ತಾರೆ. ಕೊಟ್ಟ ಸಾಲವನ್ನಾದರೂ ಮರೆತಾರು, ಎರವಲು ಕೊಟ್ಟ ಪುಸ್ತಕವನ್ನು ಮರೆಯಲಾರರು. ನೀವೂ ಈ ಗುಂಪಿನವರೇ? ಹಾಗಿದ್ದರೆ ಮುಂದಿನ ಮಾತು ನಿಮಗಾಗಿಯೇ.

ಈ ಹುಚ್ಚಿಗೆ ನಾವಿರುವ ಗುಜರಾತು ಒಳ್ಳೆಯ ನೆಲ. ಅಹಮದಾಬಾದಿನಲ್ಲಿ ಗಾಂಧಿ ರಸ್ತೆಯ ಫರ್ನಾಂಡಿಸ್ ಸೇತುವೆಯ ಕೆಳಗೆ ಪುಸ್ತಕದಂಗಡಿಗಳ ಸಾಲೇ ಇದೆ. ಭಾನುವಾರ ಸಾಬರಮತಿ ದಂಡೆಯ ಗುಜರಿ ಬಜಾರಿಗೆ ಹೋದರೆ ಹಳೆಯ ಬೀಗ, ಬಾಗಿಲು, ಪಾತ್ರೆಪಡಗಗಳ ನಡುವೆ ಹಳೆಯ ಪುಸ್ತಕಗಳ ರಾಶಿ ಸಿಗುತ್ತದೆ. ಎಂದೋ ಯಾರೋ ಯಾರಿಗೋ ಪ್ರೀತಿಯಿಂದ ಹೆಸರು ಬರೆದುಕೊಟ್ಟ ಪುಸ್ತಕ ಚೌಕಾಸಿ ಮುಗಿಯುವಷ್ಟರಲ್ಲಿ ನಿಮ್ಮದಾಗಿರುತ್ತದೆ. ಎಲ್ಲಿಸ್ ಬ್ರಿಜ್ ಬಳಿಯ ಎಂ. ಜೆ. ಲೈಬ್ರರಿಗೆ ಗಾಂಧೀಜಿಯವರು ತಮ್ಮ ಆಶ್ರಮದ ಪುಸ್ತಕಗಳನ್ನೇ ಕೊಟ್ಟುಬಿಟ್ಟರು. 1938ರಲ್ಲಿ ಅದು ಜನರಿಗೆ ಬಾಗಿಲು ತೆರೆಯಿತು.

ವಡೋದರದ ಕಥೆ ಇನ್ನೂ ಸ್ವಾರಸ್ಯವಾಗಿದೆ. ಮಹಾರಾಜ ಸಯಾಜಿರಾವ್ ಗಾಯಕವಾಡರು 1906ರಲ್ಲಿ ತಮ್ಮ ರಾಜ್ಯದಲ್ಲೆಲ್ಲ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿದರು. ಅಕ್ಷರ ಕಲಿತವರಿಗೆ ಓದಲು ಪುಸ್ತಕ ಬೇಡವೇ? 1910ರಲ್ಲಿ ಅಮೆರಿಕದಿಂದ ವಿಲಿಯಂ ಬೋರ್ಡನ್ ಎಂಬ ಗ್ರಂಥಪಾಲಕರನ್ನು ಕರೆಸಿ ಸೆಂಟ್ರಲ್ ಲೈಬ್ರರಿಯನ್ನು ಸ್ಥಾಪಿಸಿದರು. ಮರದ ಪೆಟ್ಟಿಗೆಗಳಲ್ಲಿ ಪುಸ್ತಕ ತುಂಬಿ ಹಳ್ಳಿಹಳ್ಳಿಗೂ ಕಳಿಸುವ ಏರ್ಪಾಡು ಮಾಡಿದರು. ಆ ಲೈಬ್ರರಿಯ ಕಬ್ಬಿಣದ ಕಪಾಟುಗಳ ನಡುವೆ ನೆಲಕ್ಕೆ ಗಾಜು ಹಾಸಿದ್ದಾರೆ. ಮೇಲಿನ ಅಂತಸ್ತಿನ ಬೆಳಕು ಕೆಳಗೂ ಇಳಿದುಬರಲಿ ಎಂದು! ಸೂರತ್ತಿನವರು ಸೋತಾರೆಯೇ? ಅಲ್ಲಿಯ ಆಂಡ್ರೂಸ್ ಲೈಬ್ರರಿ 1850ರದು. ಅದೇ ಊರಿನ ಕವಿ ನರ್ಮದ್ ವರ್ಷಗಟ್ಟಲೆ ದುಡಿದು ಗುಜರಾತಿಗೆ ನಿಘಂಟು ಮಾಡಿಕೊಟ್ಟರು. 1873ರಲ್ಲಿ ಅದು ಹೊರಬಂತು. ಸೂರತ್ ಮಹಾನಗರಪಾಲಿಕೆಯ ದೊಡ್ಡ ಗ್ರಂಥಾಲಯಕ್ಕೆ ಇಂದು ಅವರದೇ ಹೆಸರು.

ಮಹಾರಾಜರ ಪುಸ್ತಕದ ಪೆಟ್ಟಿಗೆಯ ಸಂಗತಿ ಓದಿದಾಗ ನನಗೆ ನಮ್ಮ ಗಳಗನಾಥರು (1869–1942) ನೆನಪಾಗುತ್ತಾರೆ. ಅವರ ಹಿಂದೆ ಯಾವ ರಾಜ್ಯವೂ ಇರಲಿಲ್ಲ. ವೃತ್ತಿಯಿಂದ ಶಾಲಾ ಮಾಸ್ತರರು. ತಾವು ಬರೆದ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡಕ್ಕೆ ಓದುಗರು ಹುಟ್ಟಿದ್ದು ಹೀಗೆ, ಒಬ್ಬೊಬ್ಬರ ಬೆನ್ನ ಮೇಲೆ.

ಅಷ್ಟು ದೂರವೇಕೆ, ನಮ್ಮ ಪಕ್ಕದಲ್ಲೇ ಒಂದು ಉದಾಹರಣೆಯಿದೆ. ರೈಲು ಆಣಂದದಲ್ಲಿ ನಿಂತಾಗ ನಿಮಗೆ ಅಮುಲ್ ಬೆಣ್ಣೆ ನೆನಪಾಗಬಹುದು. ಅದರ ಜೊತೆಗೆ ಇನ್ನು ಮುಂದೆ ಎಸ್. ಎಲ್. ಭೈರಪ್ಪನವರೂ ನೆನಪಾಗಲಿ. 2025ರಲ್ಲಿ ತೀರಿಕೊಂಡ ಈ ಕಾದಂಬರಿಕಾರರು 1960ರ ದಶಕದಲ್ಲಿ ಆಣಂದಕ್ಕೆ ಹೊಂದಿಕೊಂಡ ವಲ್ಲಭ ವಿದ್ಯಾನಗರದ ಸರದಾರ್ ಪಟೇಲ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕರಾಗಿದ್ದರು. ಡಾಕ್ಟರೇಟ್ ಪಡೆದದ್ದು ವಡೋದರದ ವಿಶ್ವವಿದ್ಯಾಲಯದಿಂದ. ಅವರ 'ವಂಶವೃಕ್ಷ' ಕಾದಂಬರಿ ಬಂದದ್ದು ಅದೇ ದಶಕದಲ್ಲಿ, 1965ರಲ್ಲಿ. ಹಗಲು ಗುಜರಾತಿನ ಹುಡುಗರಿಗೆ ಪಾಠ ಹೇಳಿದ ಕೈಗೆ ಬರೆಯಲು ಕೂತಾಗ ಬೇಕಾದದ್ದು ಕನ್ನಡವೇ.

ಈಗ ನನ್ನ ಮನೆಯ ಮಾತು. ಕೆಲವು ವರ್ಷಗಳ ಹಿಂದೆ ದೀಪಾವಳಿಗೆ ಮನೆ ಸ್ವಚ್ಛಮಾಡುವಾಗ ನಾನೊಂದು ದೊಡ್ಡ ತಪ್ಪು ಮಾಡಹೊರಟಿದ್ದೆ. "ನನ್ನ ನಂತರ ಇವನ್ನು ಯಾರು ಓದುತ್ತಾರೆ?" ಎಂದುಕೊಂಡು ನನ್ನ ತಂದೆಯವರ ಕಾಲದ ಕನ್ನಡ ಪುಸ್ತಕಗಳನ್ನು ಹಳೆಯ ಪೇಪರುಗಳ ಜೊತೆ ಪಸ್ತಿವಾಲಾನ ಮುಂದೆ ರಾಶಿ ಹಾಕಿದೆ. ಅವನು ತಕ್ಕಡಿ ಪಕ್ಕಕ್ಕಿಟ್ಟು ಒಂದು ಪುಸ್ತಕ ತಿರುವಿ, "ಆ ಕಈ ಭಾಷಾ ಛೇ?" ಎಂದು ಕೇಳಿದ. "ಅಮಾರೀ" ಎಂದಳು ಹನ್ನೆರಡು ವರ್ಷದ ನನ್ನ ಮಗಳು, ಬಲು ಜಂಭದಿಂದ. "ಹಾಗಾದರೆ ಒಂದು ಸಾಲು ಓದು ಬೇಟಾ, ಕೇಳೋಣ" ಎಂದ. ಮಗಳು ಪುಟ ನೋಡಿದಳು. ನನ್ನ ಮುಖ ನೋಡಿದಳು. ಅವನು ಕೆಣಕಲು ಕೇಳಿದ್ದಲ್ಲ, ಕುತೂಹಲಕ್ಕೆ ಕೇಳಿದ್ದು. ಆದರೂ ಆ ಗಳಿಗೆಯಲ್ಲಿ ತಲೆ ತಗ್ಗಿಸಬೇಕಾದದ್ದು ಅವಳಲ್ಲ, ನಾನು. ಆ ದಿನ ತಕ್ಕಡಿಗೆ ಹೋದದ್ದು ಬರೀ ಪೇಪರು.

ಮಿತ್ರರೇ, ಈ ಲೇಖನವನ್ನು ನೀವೇ ಓದುತ್ತಿದ್ದರೆ ಬಹಳ ಸಂತೋಷ. ಅಪ್ಪನೋ ಅಮ್ಮನೋ ಓದಿ ಹೇಳುತ್ತಿದ್ದರೆ ಮಾತ್ರ ಸ್ವಲ್ಪ ಗಮನವಿಟ್ಟು ಕೇಳಿ. ನಿಮಗೆ ಕನ್ನಡ ಬರುವುದಿಲ್ಲ ಎಂದು ಯಾರು ಹೇಳಿದರು? ಅಜ್ಜಿಯ ಬೈಗುಳ ಅರ್ಥವಾಗುತ್ತದೆ, ಅಡಿಗೆಮನೆಯ ಮಾತು ಅರ್ಥವಾಗುತ್ತದೆ. ನಿಮ್ಮ ಕಿವಿಗೆ ಕನ್ನಡ ಗೊತ್ತು, ಕಣ್ಣಿಗೆ ಮಾತ್ರ ಗೊತ್ತಿಲ್ಲ. ಬೇರೆ ಭಾಷೆ ಕಲಿಯುವವರು ಮಾತು, ಅಕ್ಷರ ಎರಡನ್ನೂ ಕಲಿಯಬೇಕು. ನೀವು ಅರ್ಧ ದಾರಿ ಆಗಲೇ ನಡೆದಿದ್ದೀರಿ. ಶಾಲೆಯಲ್ಲಿ ಗುಜರಾತಿ ಕಕ್ಕೋ ಕಲಿತವರಿಗೆ ಕ ಖ ಗ ಘ ಕ್ರಮವೂ ಹೊಸದಲ್ಲ, ಆಕಾರವಷ್ಟೇ ಬೇರೆ. ಕನ್ನಡದ ವರ್ಣಮಾಲೆಯಲ್ಲಿರುವುದು 49 ಅಕ್ಷರ. ದಿನಕ್ಕೆರಡು ಕಲಿತರೂ ಒಂದು ತಿಂಗಳೊಳಗೆ ಮುಗಿಯಿತು. ಕಾಗುಣಿತ, ಒತ್ತಕ್ಷರಗಳಿಗೆ ಇನ್ನೊಂದೆರಡು ತಿಂಗಳು ಹಿಡಿಯಲಿ. ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಸ್ಟೇಷನ್ನಿನ ಹಲಗೆ, ಬಸ್ಸಿನ ಬೋರ್ಡು, ಅಂಗಡಿಯ ಹೆಸರು ಎಲ್ಲವೂ ನಿಮಗೆ ಪಾಠದ ಪುಸ್ತಕಗಳೇ.

ನನ್ನ ಮಗಳು ಹೀಗೆಯೇ ಕಲಿತಳು. ಒಂದು ಸಂಜೆ ಕಪಾಟಿನಿಂದ ಅದೇ ಪುಸ್ತಕ ತೆಗೆದು ಮೊದಲ ಪುಟದಲ್ಲಿದ್ದ ಅವಳ ಅಜ್ಜನ ಕೈಬರಹವನ್ನು ಅಕ್ಷರಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು: "ಓದಲು ಒಯ್ದವರು ತಪ್ಪದೆ ತಂದುಕೊಡಬೇಕು." ಇಬ್ಬರೂ ಹೊಟ್ಟೆತುಂಬ ನಕ್ಕೆವು. ಅವಳು ಹುಟ್ಟುವ ಮೊದಲೇ ತೀರಿಕೊಂಡ ಅಜ್ಜ ಅವಳಿಗೆ ಹೇಳಿದ ಮೊದಲ ಮಾತು ಅದು.

ನಿಮ್ಮ ಮನೆಯ ಕಪಾಟಿನಲ್ಲೂ ಯಾರೋ ಒಬ್ಬರು ನಿಮಗಾಗಿ ಒಂದು ಸಾಲು ಬರೆದಿಟ್ಟಿರಬಹುದು. ಈ ಭಾನುವಾರ ಒಮ್ಮೆ ತೆರೆದು ನೋಡುತ್ತೀರಲ್ಲವೇ?